ಕಾವು ಕೂತ ಕೋಳಿಯ ಮೂಗು ಚುಚ್ಚಬೇಡಿ

ಪ್ರಶ್ನೆ: ಹಿತ್ತಲಲ್ಲಿ ಆರು ನಾಟಿ ಕೋಳಿ ಸಾಕಿದ್ದೇವೆ. ಒಂದು ಹ್ಯಾಟೆ ಎರಡು ವಾರದಿಂದ ಖಾಲಿ ಬುಟ್ಟಿಯಲ್ಲೇ ಕಾವು ಕೂತಿದೆ. ಎಬ್ಬಿಸಲು ಹೋದರೆ ಕುಕ್ಕುತ್ತದೆ. ಮೂಗಿಗೆ ಗರಿ ಚುಚ್ಚಿ ಅಂತ ಪಕ್ಕದ ಮನೆಯವರು, ತಣ್ಣೀರಲ್ಲಿ ಮುಳುಗಿಸಿ ಅಂತ ನಮ್ಮ ಅತ್ತೆ. ಯಾವುದು ಸರಿ?

ಉತ್ತರ: ಎರಡೂ ತಪ್ಪು. ವರ್ಷವಿಡೀ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಅದೇ ಗರಿ, ಅದೇ ತಣ್ಣೀರು. ಮೂಗು ಕೋಳಿ ಉಸಿರಾಡುವ ದಾರಿ. ಅಲ್ಲಿ ಗರಿ ತೂರಿಸಿದರೆ ಗಾಯವಾಗುತ್ತದೆ, ನೊಣ ಕೂರುತ್ತದೆ, ಹುಳ ಬೀಳುತ್ತದೆ. ಆಮೇಲೆ ಅದೇ ಕೋಳಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಬರುತ್ತೀರಿ. ಮಳೆಗಾಲದಲ್ಲಿ ನೀರಿಗೆ ಅದ್ದಿದ ಕೋಳಿ ಚಳಿಗೆ ಮುದುಡಿ ಮೇವು ಬಿಡುತ್ತದೆ, ಅಷ್ಟೇ. ಔಷಧಿ ಅಂಗಡಿಯವರು ಕೊಟ್ಟರು ಅಂತ ಆಂಟಿಬಯೋಟಿಕ್ ಪುಡಿಯನ್ನು ನೀರಿಗೆ ಬೆರೆಸುವವರೂ ಇದ್ದಾರೆ. ಕಾವು ಕಾಯಿಲೆ ಅಲ್ಲ ಸ್ವಾಮಿ! ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದಾಗ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿ ಕೂರುತ್ತದೆ. ಆ ಪುಡಿಗೆ ಇಲ್ಲಿ ಕೆಲಸವೇ ಇಲ್ಲ, ಸುಮ್ನೆ ದುಡ್ಡು ದಂಡ.

ನನಗೆ ನಿಜಕ್ಕೂ ಸಿಟ್ಟು ಬರುವುದು ನಿಮ್ಮ ಪತ್ರದ 'ಎರಡು ವಾರ' ಅನ್ನುವ ಮಾತಿಗೆ. ಕಾವು ಕೂತ ಎರಡನೇ ದಿನವೇ ತೀರ್ಮಾನ ಮಾಡಬೇಕು: ಮರಿ ಬೇಕು ಅಂದರೆ ಮೊಟ್ಟೆ ಇಡಿ, ಬೇಡ ಅಂದರೆ ಕಾವು ಬಿಡಿಸಿ. ಎರಡೂ ಮಾಡದೆ ನೋಡುತ್ತಾ ಇದ್ದರೆ ಕೋಳಿ ಸೊರಗುತ್ತದೆ. ದಿನಕ್ಕೆ ಒಂದು ಸಲ ಹದಿನೈದಿಪ್ಪತ್ತು ನಿಮಿಷ ಎದ್ದು, ಗಬಗಬನೆ ನಾಲ್ಕು ಕಾಳು ತಿಂದು, ನೀರು ಕುಡಿದು, ಗಬ್ಬು ವಾಸನೆಯ ದೊಡ್ಡ ಹಿಕ್ಕೆ ಹಾಕಿ ಮತ್ತೆ ಬುಟ್ಟಿಗೆ ಓಡುತ್ತದೆ. ಕೈಗೆ ಎತ್ತಿ ನೋಡಿ. ಎದೆಯ ಕೆಳಗೆ ಪುಕ್ಕ ಉದುರಿ ಚರ್ಮ ಬಿಸಿಯಾಗಿರುತ್ತದೆ, ಜುಟ್ಟು ಬಿಳಿಚಿಕೊಂಡಿರುತ್ತದೆ, ಎದೆಮೂಳೆ ಕೈಗೆ ಚುಚ್ಚುತ್ತದೆ. ಮೈ ಕೊಡವಿಕೊಳ್ಳಲು, ಮಣ್ಣಲ್ಲಿ ಹೊರಳಲು ಪುರುಸೊತ್ತಿಲ್ಲದೆ ಹೇನು ಬೇರೆ ತುಂಬಿರುತ್ತದೆ.

ಮರಿ ಬೇಕಾದರೆ ಹುಂಜ ಇರುವ ಗುಂಪಿನ, ಒಂದು ವಾರದೊಳಗಿನ ಹತ್ತು ಹನ್ನೆರಡು ಮೊಟ್ಟೆ ಇಡಿ. ಫ್ರಿಜ್‌ನಲ್ಲಿದ್ದವು ಬೇಡ. ಎಲ್ಲವನ್ನೂ ಒಂದೇ ದಿನ, ಕತ್ತಲಾದ ಮೇಲೆ ಇಡಿ. ಮೇವು ನೀರು ಬುಟ್ಟಿಯ ಹತ್ತಿರವೇ ಇರಲಿ. 21 ದಿನಕ್ಕೆ ಮರಿ. ಆದರೆ ನಿಮ್ಮ ಕೋಳಿ ಈಗಾಗಲೇ ಎರಡು ವಾರ ಸೊರಗಿದೆ, ಅದರ ಮೇಲೆ ಇನ್ನೂ ಮೂರು ವಾರ ಹೊರಿಸಲು ನಾನಂತೂ ಒಪ್ಪುವುದಿಲ್ಲ. ಕಾವು ಬಿಡಿಸಿ.

ಅದಕ್ಕೆ ಬೇಕಾದ್ದು ತಳವೂ ಜಾಲರಿಯೇ ಆಗಿರುವ ಒಂದು ಪಂಜರ. ಕಾಲು ಸಿಕ್ಕಿಹಾಕಿಕೊಳ್ಳದ ಸಣ್ಣ ಕಣ್ಣಿನ ಜಾಲರಿ ಇರಲಿ. ನಾಲ್ಕು ಇಟ್ಟಿಗೆ ಮೇಲೆ ಎತ್ತಿ, ಬೆಳಕಿರುವ, ಆದರೆ ನೆರಳಿರುವ ಜಾಗದಲ್ಲಿ ಇಡಿ. ಒಳಗೆ ಹುಲ್ಲು, ಗೋಣಿಚೀಲ, ಹೊಟ್ಟು ಏನೂ ಬೇಡ. ಕತ್ತಲು, ಹೊಟ್ಟೆಯ ಕೆಳಗೆ ಗೂಡಿನ ಬೆಚ್ಚನೆ, ಇವೇ ಕಾವನ್ನು ಉಳಿಸುವುದು. ಕೆಳಗಿನಿಂದ ಗಾಳಿ ಆಡಿದರೆ ಅದಕ್ಕೆ ಗೂಡು ಅನಿಸುವುದಿಲ್ಲ. ಹೊಟ್ಟೆ ತುಂಬಾ ಮೇವು, ನೀರು ಕೊಡಿ. ಉಪವಾಸ ಕೆಡವಿದರೆ ಕಾವು ಇಳಿಯುತ್ತದೆ ಅನ್ನುವವರ ಮಾತು ಕೇಳಲೇಬೇಡಿ. ಉಳಿದ ಕೋಳಿಗಳು ಅದರ ಕಣ್ಣಿಗೆ ಬೀಳುತ್ತಿರಲಿ. ರಾತ್ರಿ ನಾಯಿ, ಮುಂಗುಸಿ ಬಾಯಿ ಹಾಕದಂತೆ ಭದ್ರ ಮಾಡಿ. ಮೂರು ನಾಲ್ಕು ದಿನ ಬಿಟ್ಟು ಬಾಗಿಲು ತೆಗೆಯಿರಿ. ಕೆದಕುತ್ತಾ ಗುಂಪು ಸೇರಿದರೆ ಮುಗಿಯಿತು. ಪುಕ್ಕ ಉಬ್ಬಿಸಿಕೊಂಡು, 'ಕ್ಲಕ್ ಕ್ಲಕ್' ಅನ್ನುತ್ತಾ ಹಳೇ ಬುಟ್ಟಿಯ ಕಡೆಗೇ ಓಡಿದರೆ ಇನ್ನೆರಡು ದಿನ ಒಳಗೆ ಹಾಕಿ. ಎರಡು ವಾರ ಬೇರೂರಿದ ಕಾವು ಬೇಗ ಬಿಡುವುದಿಲ್ಲ, ತಾಳ್ಮೆ ಇರಲಿ. ಬಿಟ್ಟ ತಕ್ಷಣ ಮೊಟ್ಟೆ ಬರುವುದೂ ಇಲ್ಲ, ಕೆಲವು ವಾರ ಬೇಕು. ಇನ್ನು ಮುಂದೆ ಬೆಳಿಗ್ಗೆ, ಸಂಜೆ ಮೊಟ್ಟೆ ಎತ್ತಿಬಿಡಿ. ರಾಶಿ ಕಂಡರೆ ಕೂರುವ ಆಸೆ ಜಾಸ್ತಿ.

ಪ್ರಶ್ನೆ: ಅಂಗಡಿಯ ಫಾರಂ ಮೊಟ್ಟೆ ಇಟ್ಟರೆ ಮರಿ ಆಗುತ್ತದಾ?

ಉತ್ತರ: ಇಲ್ಲ. ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ, ಅಲ್ವಾ?

ಪ್ರಶ್ನೆ: ಗುಡುಗಿಗೆ ಮೊಟ್ಟೆ ಕೆಡದಂತೆ ಬುಟ್ಟಿಯಲ್ಲಿ ಕಬ್ಬಿಣ, ಇದ್ದಿಲು, ಮೆಣಸಿನಕಾಯಿ ಇಡಬೇಕಾ?

ಉತ್ತರ: ಬೇಡ. ನಿಮ್ಮ ಮೊಟ್ಟೆ ಕೆಟ್ಟಿದ್ದು ಗುಡುಗಿಗಲ್ಲ, ಹಳೆಯದಾಗಿದ್ದಕ್ಕೋ ಬೇಸಿಗೆಯ ಸೆಕೆಗೋ.

ಪ್ರಶ್ನೆ: ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹ್ಯಾಟೆ ಹುಟ್ಟುತ್ತದೆ ಅನ್ನುವುದು ನಿಜವಾ?

ಉತ್ತರ: ಸುಳ್ಳು.

ಪ್ರಶ್ನೆ: ನಮ್ಮ ಗಿರಿರಾಜ ಕೋಳಿ ಕಾವಿಗೇ ಕೂರುತ್ತಿಲ್ಲ. ಔಷಧಿ ಇದೆಯಾ?

ಉತ್ತರ: ಔಷಧಿ ಏನೂ ಬೇಡ, ಆ ತಳಿಯೇ ಹಾಗೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ತಳಿ ಅದು, ಮಾಂಸ ಮತ್ತು ಮೊಟ್ಟೆಗಾಗಿ. ಮರಿ ಬೇಕಾದರೆ ಅದರ ಮೊಟ್ಟೆಯನ್ನು ಕಾವು ಕೂತ ನಾಟಿ ಹ್ಯಾಟೆಗೆ ಇಡಿ. ಮೊಟ್ಟೆ ದಪ್ಪ ಇರುವುದರಿಂದ ಎಂಟು ಸಾಕು.