ಕಷ್ಟದಲ್ಲಿ ಪ್ರಾರ್ಥನೆಗೆ ಬಾಯಿ ಬಾರದಾಗ ವಿಶ್ವಾಸದಲ್ಲಿ ನಿಲ್ಲುವುದು ಹೇಗೆ?

ಒಂದರ ಮೇಲೊಂದು ಕಷ್ಟ ಬರುತ್ತಿದೆ, ಪ್ರಾರ್ಥನೆಗೆ ಕುಳಿತರೆ ಮಾತೇ ಹೊರಡುವುದಿಲ್ಲ, ಕ್ರೈಸ್ತಳಾದ ನನ್ನ ವಿಶ್ವಾಸ ಬತ್ತಿಹೋಯಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ನಿಮ್ಮ ಮಾತು ಹೊರಡದಿದ್ದರೆ ಬೈಬಲಿನ ಕೀರ್ತನೆಗಳ ಮಾತನ್ನು ಕಡ ತೆಗೆದುಕೊಳ್ಳಿ. ಆ 150ರಲ್ಲಿ ಸ್ತುತಿಯಷ್ಟೇ ಅಲ್ಲ, ದೂರೂ ಗೋಳೂ ಬೇಕಾದಷ್ಟಿವೆ. 13ನೆಯದು, ಇನ್ನೆಷ್ಟು ದಿನ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುತ್ತದೆ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ನುಡಿಯೂ ಇಲ್ಲ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನೇ. ಹೀಗಿರುವಾಗ ನಿಮ್ಮ ಅಳಲು ಅಪಚಾರವಾಗುವುದಾದರೂ ಹೇಗೆ?

ನಮ್ಮದು ಹೊನ್ನಾವರದ ಕಡೆಯ ಮೀನುಗಾರರ ಮನೆ. ಅಪ್ಪ ತೀರಿಕೊಂಡದ್ದು ಜೂನ್ ತಿಂಗಳಲ್ಲಿ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲದ 61 ದಿನಗಳ ನಿಷೇಧದ ನಡುವೆ. ದುಡಿಮೆ ಇಲ್ಲ, ದೋಣಿಯ ಸಾಲ ತೀರಿರಲಿಲ್ಲ. ಸಂಜೆಯ ತೇರ್ಸಿಗೆ, ಎಂದರೆ ಜಪಮಾಲೆಯ ಪ್ರಾರ್ಥನೆಗೆ, ನೆರೆಯವರು ನಮ್ಮ ಮನೆಗೇ ಬರತೊಡಗಿದರು. ಅದರಲ್ಲಿ ಒಬ್ಬರು ಅರ್ಧ ಹೇಳಿದರೆ ಉಳಿದರ್ಧವನ್ನು ಬೇರೆಯವರು ಹೇಳಿ ಮುಗಿಸಬೇಕು. ಅಮ್ಮ ಮಣಿ ಸರಿಸುತ್ತಿದ್ದಳು, ತುಟಿ ಅಲುಗುತ್ತಿರಲಿಲ್ಲ. ಅವಳ ಪಾಲಿನದನ್ನೂ ಪಕ್ಕದ ಮನೆಯ ಅಜ್ಜಿ, ಹೆಂಚಿನ ಮೇಲಿನ ಮಳೆಯ ಸದ್ದಿಗಿಂತ ತುಸು ಏರಿದ ದನಿಯಲ್ಲಿ ಹೇಳುತ್ತಿದ್ದರು. ನೀನೂ ಹೇಳು ಎಂದು ಯಾರೂ ಅವಳನ್ನು ಒತ್ತಾಯಿಸಲಿಲ್ಲ.

ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯ ಓದಿ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಛಾವಣಿ ಬಿಚ್ಚಿ ಯೇಸುವಿನ ಮುಂದೆ ಇಳಿಸುತ್ತಾರೆ. ಯೇಸು ‘ಅವರ’ ವಿಶ್ವಾಸವನ್ನು ಕಂಡು ಮಾತನಾಡಿದ ಎಂದಿದೆ. ಮಲಗಿದ್ದವನು ಬಾಯಿ ಬಿಟ್ಟ ಪ್ರಸ್ತಾಪವೇ ಅಲ್ಲಿಲ್ಲ! ನನಗೆ ಇದಕ್ಕಿಂತ ದೊಡ್ಡ ಆಸರೆಯ ಮಾತು ಬೇರೆ ಸಿಕ್ಕಿಲ್ಲ.

ಆದ್ದರಿಂದ ಒಂಟಿಯಾಗಿ ಉಳಿಯಬೇಡಿ. ಭಾನುವಾರ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಸುಮ್ಮನೆ ಕುಳಿತು ಬಂದರೂ ಆದೀತು. ಹಣದ ಅಡಚಣೆಯಿದ್ದರೆ ಗುರುಗಳಿಗೆ ಸಂಕೋಚವಿಲ್ಲದೆ ಹೇಳಿ. ಅನೇಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರು ಸದ್ದಿಲ್ಲದೆ ನೆರವಾಗುತ್ತಾರೆ. ನಿದ್ದೆ, ಊಟ ಬಿಟ್ಟುಹೋಗಿದ್ದರೆ ವೈದ್ಯರನ್ನು ಕಾಣಿ. ಅದರಿಂದ ವಿಶ್ವಾಸಕ್ಕೆ ಯಾವ ಕುಂದೂ ಇಲ್ಲ. ಇನ್ನು, ಎಲ್ಲವೂ ನಿನ್ನ ಪಾಪದ ಫಲ ಎಂದು ಬುದ್ಧಿ ಹೇಳಲು ಬರುವವರಿದ್ದರೆ ಬೈಬಲಿನ ಯೋಬನ ಗ್ರಂಥದ 42ನೆಯ ಅಧ್ಯಾಯ ನೆನಪಿರಲಿ: ಅಲ್ಲಿ ದೇವರ ಕೋಪ ಎದ್ದದ್ದು ಕಷ್ಟದ ಮೇಲೆ ಕಷ್ಟ ಬಂದು ಗೋಳಾಡಿದ ಯೋಬನ ಮೇಲಲ್ಲ, ಆ ಕಷ್ಟಕ್ಕೆ ಅವನಿಗೆ ಕಾರಣ ವಿವರಿಸಲು ಹೋದ ಗೆಳೆಯರ ಮೇಲೆ.