ಒಟಿಟಿಗೆ ಕೋಟಾ ಹಾಕಿದರೆ ಕಾಸರಗೋಡಿನವರಿಗೆ ಕನ್ನಡ ಜಾಸ್ತಿ ಸಿಗುತ್ತಾ?

ಕೋಟಾ (ಪಟ್ಟಿಯಲ್ಲಿ ಇಂತಿಷ್ಟು ಪಾಲು ಸ್ಥಳೀಯ ಚಿತ್ರಗಳಿರಬೇಕು ಅನ್ನುವ ನಿಯಮ) ಒಂದರಿಂದಲೇ ಸಿಗುವುದಿಲ್ಲ. ಅದು ಸಾಮಾನ್ಯವಾಗಿ ದೇಶವನ್ನು ನೋಡುತ್ತದೆ, ಭಾಷೆಯನ್ನಲ್ಲ. ಯುರೋಪಿನ ಒಕ್ಕೂಟದಲ್ಲಿ ಇಂಥ ನಿಯಮವಿದೆ, 2018ರದ್ದು. ನೆಟ್‌ಫ್ಲಿಕ್ಸ್‌ನಂಥ ಸೇವೆಗಳ ಪಟ್ಟಿಯಲ್ಲಿ ಕನಿಷ್ಠ 30% ಯುರೋಪಿನ ಚಿತ್ರ, ಸರಣಿಗಳಿರಬೇಕು, ಅವು ಸುಲಭವಾಗಿ ಕಣ್ಣಿಗೆ ಬೀಳಬೇಕು.

ಆದರೆ ಲೆಕ್ಕ ಹಾಕುವುದು ಹೇಗೆ ಗೊತ್ತಾ? ಒಂದು ಸಿನಿಮಾ ಅಂದರೆ ಒಂದು, ಸರಣಿಯ ಒಂದು ಸೀಸನ್ ಅಂದರೆ ಒಂದು. ಯಾರು ನೋಡಿದರು ಅನ್ನುವುದು ಬೇಕಿಲ್ಲ. ಹಾಗಾಗಿ ಹಳೆಯ, ಅಗ್ಗದ ಚಿತ್ರಗಳನ್ನು ಕೊಂಡು ಸುಮ್ನೆ ಪಟ್ಟಿ ತುಂಬಿಸಬಹುದು. ಫ್ರಾನ್ಸ್ 2021ರಲ್ಲಿ ದುಡ್ಡಿಗೇ ಕೈಹಾಕಿತು: ಈ ಸೇವೆಗಳು ಅಲ್ಲಿ ಗಳಿಸುವ ಆದಾಯದ 20 ರಿಂದ 25% ಹಣವನ್ನು ಯುರೋಪಿನ, ಅದರಲ್ಲೂ ಫ್ರೆಂಚ್ ನಿರ್ಮಾಣಗಳಿಗೆ ಹಾಕಬೇಕು. ನನಗಂತೂ ಇದೇ ಸರಿ ಅನ್ನಿಸುತ್ತದೆ.

ಭಾರತದಲ್ಲಿ ಇಂಥ ಕೋಟಾ ಇಲ್ಲ. ಬಂದರೂ ಹಿಂದಿ, ತಮಿಳು, ಮಲಯಾಳಂ ಎಲ್ಲವೂ 'ಭಾರತೀಯ'ವೇ ಅಲ್ವಾ? ಕನ್ನಡದ ಒಂದು ಚಿತ್ರವೂ ಇಲ್ಲದೆ ಲೆಕ್ಕ ಭರ್ತಿಯಾಗಬಹುದು. ಕುಂಬಳೆಯ ನಮ್ಮ ಮನೆ ಟಿವಿಯಲ್ಲಿ ಅಮ್ಮ ಕನ್ನಡ ಸಿನಿಮಾ ಹುಡುಕುತ್ತಾ ಮಲಯಾಳಂ ಸಾಲುಗಳನ್ನೇ ದಾಟುತ್ತಾ ಹೋಗುತ್ತಾರೆ. ಕೊನೆಗೆ ಯೂಟ್ಯೂಬಿನಲ್ಲಿ ಯಕ್ಷಗಾನ.

ನಮಗೆ ಹೊಂದುವ ಮಾದರಿ ಸ್ಪೇನ್‌ನದು. 2022ರ ಕಾನೂನಿನಲ್ಲಿ ಅವರು ಕೋಟಾದೊಳಗೇ ಕತಲಾನ್, ಬಾಸ್ಕ್, ಗಲೀಸಿಯನ್‌ನಂಥ ಪ್ರಾದೇಶಿಕ ಭಾಷೆಗಳಿಗೆ ಬೇರೆ ಪಾಲು ತೆಗೆದಿಟ್ಟರು.