ಆರೂವರೆಯ ಗೇಟು, ಎಂಟು ಗಂಟೆಯ ಲೈಬ್ರರಿ

ಓದುಗರ ಪತ್ರ:
ಮಂಡ್ಯದಲ್ಲಿ ಪದವಿ ಕಾಲೇಜು ನಡೆಸುವ ಟ್ರಸ್ಟ್ ಒಂದಕ್ಕೆ ಈ ವರ್ಷ ಸದಸ್ಯನಾಗಿದ್ದೇನೆ. ನನ್ನದು ಅಕ್ಕಿ ಗಿರಣಿ, ಕಾಲೇಜಿನ ವ್ಯವಹಾರ ಹೊಸದು. ಮುಂದಿನ ಸಭೆಗೆ ಹಾಸ್ಟೆಲ್ ನಿಯಮಗಳ ತಿದ್ದುಪಡಿ ಬರುತ್ತಿದೆ. ಈಗ ಹುಡುಗಿಯರ ಗೇಟು ಸಂಜೆ 6.30ಕ್ಕೆ, ಹುಡುಗರದು ರಾತ್ರಿ 9.30ಕ್ಕೆ ಮುಚ್ಚುತ್ತದೆ. ಲೈಬ್ರರಿ ತೆರೆದಿರುವುದು 8ರವರೆಗೆ. ತಡವಾದರೆ 500 ರೂಪಾಯಿ ದಂಡ. ರಾತ್ರಿ ಹುಡುಗಿಯರ ಮೊಬೈಲ್ ವಾರ್ಡನ್ ಕೋಣೆಗೆ ಹೋಗಬೇಕು. ಹುಡುಗಿಯರು ಸಹಿ ಹಾಕಿ ಮನವಿ ಕೊಟ್ಟಿದ್ದಾರೆ, ಹಾಸ್ಟೆಲ್ ಕಮಿಟಿಯಲ್ಲಿ ಜಾಗವನ್ನೂ ಕೇಳಿದ್ದಾರೆ. ಹಿರಿಯ ಟ್ರಸ್ಟಿಗಳು, ‘ಹೆತ್ತವರು ನಮ್ಮನ್ನು ನಂಬಿ ಬಿಟ್ಟಿದ್ದಾರೆ, ಹೆಚ್ಚುಕಮ್ಮಿಯಾದರೆ ಹೊಣೆ ಯಾರು?’ ಎನ್ನುತ್ತಾರೆ. ಅದನ್ನೂ ತಳ್ಳಿಹಾಕುವಂತಿಲ್ಲ. ನಾನು ಯಾವ ಕಡೆ ಕೈ ಎತ್ತಲಿ?
– ಒಬ್ಬ ಓದುಗ, ಮಂಡ್ಯ

ಸಂಪಾದಕರ ಉತ್ತರ:
ಮಾನ್ಯರೇ, ಕೈ ಎತ್ತುವ ಮೊದಲು ಕಚೇರಿಯಿಂದ ಒಂದು ಕಾಗದ ತರಿಸಿಕೊಳ್ಳಿ. ಗೇಟನ್ನು 6.30ಕ್ಕೆ ಮುಚ್ಚಬೇಕೆಂದು ಟ್ರಸ್ಟ್ ಯಾವ ಸಭೆಯಲ್ಲಿ ತೀರ್ಮಾನಿಸಿತ್ತು? ಆ ನಡಾವಳಿಯ ಪ್ರತಿ ಕೇಳಿ. ಬಹುತೇಕ ಕಡೆ ಅಂಥದ್ದು ಸಿಗುವುದಿಲ್ಲ. ಯಾವಾಗಲೋ ಒಬ್ಬ ವಾರ್ಡನ್ ನೋಟಿಸ್ ಬೋರ್ಡಿಗೆ ಅಂಟಿಸಿದ ಸುತ್ತೋಲೆ ವರ್ಷದಿಂದ ವರ್ಷಕ್ಕೆ ನಕಲಾಗಿ, ಕೊನೆಗೆ ಪ್ರಾಸ್ಪೆಕ್ಟಸ್ ಸೇರಿ ‘ಸಂಸ್ಥೆಯ ನಿಯಮ’ ಆಗಿಬಿಟ್ಟಿರುತ್ತದೆ. ನಿಮ್ಮಲ್ಲೂ ಹಾಗೇ ಆಗಿದ್ದರೆ ನೀವು ಹಿರಿಯರ ತೀರ್ಮಾನ ಮುರಿಯುತ್ತಿಲ್ಲ, ಟ್ರಸ್ಟ್ ಇದುವರೆಗೆ ಮಾಡದ ತೀರ್ಮಾನವನ್ನು ಮಾಡುತ್ತಿದ್ದೀರಿ. ಸಭೆಯಲ್ಲಿ ಈ ಮಾತನ್ನು ಮೊದಲೇ ಹೇಳಿದರೆ ಅರ್ಧ ಬಿಗು ಇಳಿಯುತ್ತದೆ.

‘ಇದು ಯೂನಿವರ್ಸಿಟಿ ರೂಲು, ನಮ್ಮ ಕೈಯಲ್ಲಿಲ್ಲ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಸಂಯೋಜನೆ ಕೊಟ್ಟ ವಿಶ್ವವಿದ್ಯಾಲಯ ನೋಡುವುದು ಮುಖ್ಯವಾಗಿ ಪಠ್ಯಕ್ರಮ, ಪರೀಕ್ಷೆ, ಹಾಜರಾತಿ. ಟ್ರಸ್ಟ್ ಕಟ್ಟಿಸಿದ ಹಾಸ್ಟೆಲಿನ ಗೇಟು ಎಷ್ಟೊತ್ತಿಗೆ ಮುಚ್ಚಬೇಕು ಎಂಬುದು ಟ್ರಸ್ಟ್‌ಗೆ ಬಿಟ್ಟದ್ದು. ಮಾನಸಗಂಗೋತ್ರಿಯ ಹಾಸ್ಟೆಲುಗಳ ವಿಷಯ ಬೇರೆ. ಮೈಸೂರು ವಿಶ್ವವಿದ್ಯಾಲಯ ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಂತೆ, ಅಲ್ಲಿ ನಿಮ್ಮ ಟ್ರಸ್ಟಿನ ಸ್ಥಾನದಲ್ಲಿರುವುದು ಸಿಂಡಿಕೇಟ್ ಎಂಬ ಆಡಳಿತ ಮಂಡಳಿ. ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳು ಇಲಾಖೆಯ ಆದೇಶದಂತೆ ನಡೆಯುತ್ತವೆ, ಅವಕ್ಕೂ ಕಾಲೇಜಿಗೂ ಸಂಬಂಧವಿಲ್ಲ. ಹುಡುಗಿಯರ ಮನವಿಯಲ್ಲಿ ಇಲಾಖೆ ಹಾಸ್ಟೆಲಿನವರ ಸಹಿಯೂ ಸೇರಿದ್ದರೆ ಅವರಿಗೆ ಮೊದಲೇ ಈ ವ್ಯತ್ಯಾಸ ತಿಳಿಸಿ.

ಇನ್ನು ಕಾನೂನು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರಲ್ಲಿ ನಿಯಮಾವಳಿ ಹೊರಡಿಸಿದೆ. ಸುರಕ್ಷತೆಯ ನೆಪದಲ್ಲಿ ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹುಡುಗಿಯರ ಹಾಸ್ಟೆಲಿನ ಮೇಲೆ ಹೇರಬಾರದು, ಕ್ಯಾಂಪಸ್ ಭದ್ರತೆ ಅವರ ಓಡಾಟಕ್ಕೆ ಅಡ್ಡಿಯಾಗಬಾರದು ಎಂದು ಅದರಲ್ಲೇ ಇದೆ. 6.30 ಮತ್ತು 9.30ರ ನಡುವಿನ ಮೂರು ಗಂಟೆಗೆ ನಿಮ್ಮ ಟ್ರಸ್ಟ್ ಉತ್ತರ ಹೇಳಬೇಕಾದ್ದು ಇಲ್ಲಿ. ಮೊಬೈಲ್ ವಿಷಯದಲ್ಲಿ 2019ರ ಕೇರಳ ಹೈಕೋರ್ಟ್ ತೀರ್ಪು ನೋಡಿ. ಕೋಳಿಕ್ಕೋಡ್ ಕಡೆಯ ಕಾಲೇಜೊಂದರಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಫೋನ್ ಬಳಸುವಂತಿರಲಿಲ್ಲ. ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿನಿಂದ ಹೊರಹಾಕಿದ್ದರು. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿಗೂ ಖಾಸಗಿತನದ ಹಕ್ಕಿಗೂ ಸೇರಿದ್ದು ಎಂದ ಕೋರ್ಟು ಆಕೆಯನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. 2022ರಲ್ಲಿ ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು 9.30ರ ಗೇಟಿನ ನಿಯಮವನ್ನೇ ಹೈಕೋರ್ಟಿಗೆ ಒಯ್ದಾಗ, ಅಲ್ಲಿನ ಸರ್ಕಾರ ಹುಡುಗರಿಗೂ ಹುಡುಗಿಯರಿಗೂ ಒಂದೇ ಸಮಯ ಇರುವಂತೆ ಆದೇಶ ಮಾಡಿತು. ಕೇರಳದ ತೀರ್ಪು ನಮ್ಮ ಹೈಕೋರ್ಟನ್ನು ಕಟ್ಟಿಹಾಕದು ನಿಜ, ಆದರೆ ಕೇಸು ಬಿದ್ದ ದಿನ ಎದುರು ವಕೀಲರು ಮೊದಲು ಓದುವುದು ಅದನ್ನೇ.

ಹಿರಿಯ ಟ್ರಸ್ಟಿಗಳ ಆತಂಕಕ್ಕೆ ಬರೋಣ. ಅದನ್ನು ಕಾನೂನಿನ ಪುಸ್ತಕ ತೋರಿಸಿ ಬಾಯಿ ಮುಚ್ಚಿಸುವುದು ಸರಿಯಲ್ಲ. ಅವರನ್ನು ಒಂದು ಸಂಜೆ 7.45ಕ್ಕೆ ಲೈಬ್ರರಿ ಬಾಗಿಲಿನಿಂದ ಹುಡುಗಿಯರ ಹಾಸ್ಟೆಲಿಗೆ ನಡೆಸಿಕೊಂಡು ಹೋಗಿ. ಉರಿಯದ ದೀಪ ಎಷ್ಟು, ದಾರಿಗೆ ಬಾಗಿದ ಕೊಂಬೆ ಎಲ್ಲಿ, ಕಾಂಪೌಂಡ್ ಗೋಡೆ ಎಲ್ಲಿ ಕುಸಿದಿದೆ, ಕಾವಲುಗಾರ ಕೂತ ಕಡೆಯಿಂದ ದಾರಿ ಎಲ್ಲಿಯವರೆಗೆ ಕಾಣುತ್ತದೆ, ಎಲ್ಲ ಬರೆದುಕೊಳ್ಳಿ. ಅಪಾಯ ಇರುವುದು ಇವುಗಳಲ್ಲಿ. ಇವನ್ನು ಸರಿಪಡಿಸುವ ಖರ್ಚನ್ನು ಸಮಯ ಬದಲಿಸುವ ಅದೇ ನಿರ್ಣಯದಲ್ಲಿ ಸೇರಿಸಿ. ಬೇರೆ ಬೇರೆ ಮಾಡಿದರೆ ಸಮಯ ಬದಲಾಗುತ್ತದೆ, ದೀಪ ಬರುವುದಿಲ್ಲ.

ಬೇಗ ಮುಚ್ಚುವ ಗೇಟೇ ಅಪಾಯ ತರುವ ಸಂದರ್ಭವೂ ಉಂಟು. ಮೈಸೂರಿಗೆ ಹೋಗಿದ್ದ ಹುಡುಗಿಯ ಬಸ್ಸು ಶ್ರೀರಂಗಪಟ್ಟಣದ ಹತ್ತಿರ ಕೆಟ್ಟು ನಿಂತಿತು ಎಂದಿಟ್ಟುಕೊಳ್ಳಿ. ಈಗ ಹೋದರೆ ಬೈಗುಳ, ಐನೂರು ದಂಡ, ಮನೆಗೆ ಫೋನು ಎಂದು ಗೊತ್ತಿರುವವಳು ಹಾಸ್ಟೆಲಿಗೆ ಬರುವುದಿಲ್ಲ. ಗೆಳತಿಯ ನೆಂಟರ ಮನೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ರಾತ್ರಿ ಕಳೆಯುತ್ತಾಳೆ. ಅದು ರಿಜಿಸ್ಟರಿನಲ್ಲಿ ಬರುವುದಿಲ್ಲ, ಏಕೆಂದರೆ ರೂಮ್‌ಮೇಟ್ ‘ಊರಿಗೆ ಹೋಗಿದ್ದಾಳೆ’ ಎಂದು ಬರೆಸಿರುತ್ತಾಳೆ. ಆದ್ದರಿಂದ ಸಮಯ ಎಷ್ಟೇ ಆಗಲಿ, ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವಂತಿಲ್ಲ ಎಂಬ ಸಾಲು ನಿಯಮದಲ್ಲಿ ಇರಲೇಬೇಕು. ಮೊದಲು ಒಳಗೆ ಕರೆಯಿರಿ, ವಿಚಾರಣೆ ಬೆಳಿಗ್ಗೆ ಇಟ್ಟುಕೊಳ್ಳಿ.

ಕಾವಲಿನ ಲೆಕ್ಕ ಹೀಗಿದೆ. ಒಂದು ಗೇಟಿಗೆ ದಿನಕ್ಕೆ ಎಂಟು ಗಂಟೆಯ ಮೂರು ಪಾಳಿ, ಅಂದರೆ ವಾರಕ್ಕೆ 21 ಪಾಳಿ. ವಾರಕ್ಕೊಂದು ರಜೆ ಕೊಟ್ಟರೆ ಒಬ್ಬರು ಆರು ಪಾಳಿ ಮಾಡಬಹುದು. ಹಾಗಾಗಿ ನಾಲ್ಕು ಜನ ಬೇಕು. ಎಷ್ಟೋ ಸಂಸ್ಥೆಗಳು ಇಬ್ಬರನ್ನೇ ಹನ್ನೆರಡು ಹನ್ನೆರಡು ಗಂಟೆ ದುಡಿಸುತ್ತವೆ, ನಡುರಾತ್ರಿ ಅವರು ನಿದ್ದೆಹೋದರೆ ಅಚ್ಚರಿಯಿಲ್ಲ. ನಿಮ್ಮಲ್ಲಿ ಈಗಾಗಲೇ ನಾಲ್ವರಿದ್ದರೆ ಸಮಯ ವಿಸ್ತರಿಸಲು ಕಾವಲಿಗೆ ಒಂದು ರೂಪಾಯಿಯೂ ಹೆಚ್ಚು ಬೀಳದು.

ರಿಜಿಸ್ಟರಿನಲ್ಲಿ ಹೆಸರು, ಕೋಣೆ, ಹೋಗುವ ಊರು, ಹೊರಟ ಹೊತ್ತು, ಬಂದ ಹೊತ್ತು, ಸಹಿ ಇದ್ದರೆ ಸಾಕು. ಫೋನ್ ನಂಬರಿನ ಕಾಲಂ ತೆಗೆದುಹಾಕಿ. ಗೇಟಿನ ಮೇಜಿನ ಮೇಲೆ ದಿನವಿಡೀ ತೆರೆದಿರುವ ಪುಸ್ತಕದಿಂದ ನಂಬರು ಬರೆದುಕೊಳ್ಳಲು ಯಾರಿಗೂ ಕಷ್ಟವಿಲ್ಲ. ನಂಬರುಗಳು ವಾರ್ಡನ್ ಕೋಣೆಯ ಕಪಾಟಿನಲ್ಲಿರಲಿ.

ಅಡುಗೆಮನೆಯನ್ನು ಎಲ್ಲರೂ ಮರೆಯುತ್ತಾರೆ. ಊಟ 7.30ರಿಂದ 8.30ರವರೆಗೆ ಬಡಿಸಿ ಭಟ್ಟರು ಮನೆಗೆ ಹೊರಟರೆ, 9.30ಕ್ಕೆ ಬಂದವರಿಗೆ ತಣ್ಣಗಾದ ಮುದ್ದೆ. ಆರಿದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಮಂಡ್ಯದವರಿಗೆ ಹೇಳಬೇಕಾಗಿಲ್ಲ. ತಡವಾಗಿ ಬರುವವರು ಸಂಜೆ 6ರೊಳಗೆ ಮೆಸ್ಸಿನಲ್ಲಿ ಹೆಸರು ಬರೆಸಲಿ, ಅವರಿಗೆ ಅನ್ನ ಸಾರು ಬಿಸಿ ಡಬ್ಬಿಯಲ್ಲಿ ತೆಗೆದಿಡಲಿ.

ಆ ಐನೂರು ರೂಪಾಯಿ ದಂಡವನ್ನು ಪೂರ್ತಿ ತೆಗೆದುಹಾಕಿ ಎಂಬುದೇ ನಮ್ಮ ಸಲಹೆ. ರಶೀದಿಯಿಲ್ಲದ ದಂಡ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಲಾರರು, ರಶೀದಿಯಿದ್ದರೆ ಅದು ಹಾಸ್ಟೆಲಿಗೆ ಆದಾಯವಾಗಿ ನಿಲ್ಲಿಸಲು ಮನಸ್ಸೇ ಬರುವುದಿಲ್ಲ. ಉಳ್ಳವರ ಮಕ್ಕಳಿಗೆ ಐನೂರು ಲೆಕ್ಕಕ್ಕಿಲ್ಲ, ಕೂಲಿಯವರ ಮಗಳಿಗೆ ಅದು ವಾರದ ಖರ್ಚು. ತಿಂಗಳಲ್ಲಿ ಮೂರನೆಯ ಸಲ ತಡವಾದರೆ ವಾರ್ಡನ್ ಕರೆದು ಕಾರಣ ಕೇಳಿ ಬರೆದುಕೊಳ್ಳಲಿ, ಅಷ್ಟು ಸಾಕು. ಒಬ್ಬರು ಕಿಟಕಿ ಒಡೆದರೆ ಇಡೀ ಮಹಡಿಗೆ ದಂಡ ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ಅದೂ ಹೋಗಲಿ.

ಹಾಸ್ಟೆಲಿನಿಂದ ತೆಗೆಯುವ ಶಿಕ್ಷೆಯ ವಿಷಯದಲ್ಲಿ ಟ್ರಸ್ಟಿಗಳು ಹೆಚ್ಚು ಎಡವುವುದು ಆತುರದಿಂದ. ಯಾವ ದಿನ, ಯಾವ ನಿಯಮ ಮುರಿದದ್ದು ಎಂದು ಬರೆದ ನೋಟಿಸು, ಉತ್ತರಕ್ಕೆ ಕನಿಷ್ಠ ಏಳು ದಿನ, ಎದುರು ಕೂರಿಸಿ ಕೇಳುವುದು, ಕಾರಣ ಬರೆದ ಆದೇಶ, ಮೇಲ್ಮನವಿಗೆ ದಾರಿ. ಇವುಗಳಲ್ಲಿ ಒಂದು ತಪ್ಪಿದರೂ ತಪ್ಪಿತಸ್ಥ ವಿದ್ಯಾರ್ಥಿಯೂ ಕೋರ್ಟಿನಲ್ಲಿ ಗೆಲ್ಲಬಹುದು. ಮೊದಲ ಶಿಕ್ಷೆ ಕೊಡುವುದು ಪ್ರಾಂಶುಪಾಲರ ಕೆಲಸವಾಗಿರಲಿ, ಟ್ರಸ್ಟ್ ಮೇಲ್ಮನವಿ ಕೇಳಲಿ. ಮೊದಲೇ ಬಾಯಿ ಹಾಕಿದ ಟ್ರಸ್ಟಿ ಆಮೇಲೆ ಮೇಲ್ಮನವಿ ಕೇಳಲು ಕೂರುವಂತಿಲ್ಲ. ವಾರ್ಡನ್ನಿಗೆ ಫೋನ್ ಮಾಡಿ ‘ನಮ್ಮ ಕಡೆ ಹುಡುಗ, ನೋಡಿಕೊಳ್ಳಿ’ ಎನ್ನುವುದೂ ಇದರಲ್ಲೇ ಬಂತು.

ಇದಲ್ಲದೆ, ಯುಜಿಸಿಯ 2023ರ ನಿಯಮಾವಳಿಯಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ವಿದ್ಯಾರ್ಥಿ 15 ದಿನದೊಳಗೆ ಒಂಬುಡ್ಸ್‌ಪರ್ಸನ್, ಅಂದರೆ ಇಂಥ ಮೇಲ್ಮನವಿ ಕೇಳುವ ಅಧಿಕಾರಿಯ ಬಳಿಗೆ ಹೋಗಬಹುದು. ನಿಮ್ಮಲ್ಲಿ ಈ ಸಮಿತಿ ಕಾಗದದಲ್ಲಷ್ಟೇ ಇದೆಯೇ ಎಂದು ವಿಚಾರಿಸಿ.

ಕಮಿಟಿಯಲ್ಲಿ ಹುಡುಗಿಯರಿಗೆ ಜಾಗ ಎಂದರೆ ಟ್ರಸ್ಟಿಗಳಿಗೆ ಎಲೆಕ್ಷನ್ ನೆನಪಾಗುತ್ತದೆ. ಹೆದರಬೇಕಾಗಿಲ್ಲ. ಆಗಲೇ ಹೇಳಿದ ಕುಂದುಕೊರತೆ ಸಮಿತಿಗೆ ಒಬ್ಬ ವಿದ್ಯಾರ್ಥಿಯನ್ನು ವಿಶೇಷ ಆಹ್ವಾನಿತರನ್ನಾಗಿ ಕೂರಿಸಬೇಕೆಂದು ನಿಯಮವೇ ಹೇಳುತ್ತದೆ. 2015ರ ನಿಯಮಾವಳಿಯ ಆಂತರಿಕ ದೂರು ಸಮಿತಿಯಲ್ಲಿ, ವಿದ್ಯಾರ್ಥಿಗಳ ವಿಷಯ ಬಂದಾಗ, ಚುನಾಯಿತ ವಿದ್ಯಾರ್ಥಿಗಳು ಇರಲೇಬೇಕು. ಹಾಸ್ಟೆಲ್ ಕಮಿಟಿಗೆ ಮಹಡಿಗೊಬ್ಬರಂತೆ ಆರಿಸಿಕೊಳ್ಳಲಿ. ಮೆಸ್ಸಿಗೆ ಪ್ರತಿ ತಿಂಗಳು ಬೇರೆ ಇಬ್ಬರು ಬರಲಿ, ದಿನಸಿ ಬಂದಾಗ ತೂಕ ನೋಡಿ ಸಹಿ ಹಾಕಲಿ.

ಮೆಸ್ ಬಿಲ್ಲಿನ ಜಗಳ ಬಗೆಹರಿಸಲು ಲೆಕ್ಕ ಎರಡು ಭಾಗವಾಗಬೇಕು. ಉದಾಹರಣೆಗೆ 240 ಜನ, 30 ದಿನ, ರಜೆ ಕಳೆದು 6,300 ಊಟದ ದಿನ (ಪ್ರತಿಯೊಬ್ಬರೂ ಊಟ ಮಾಡಿದ ದಿನಗಳನ್ನು ಕೂಡಿದ್ದು), ಒಟ್ಟು ಖರ್ಚು 6,30,000 ರೂಪಾಯಿ ಎನ್ನಿ. ಎಲ್ಲವನ್ನೂ ದಿನಕ್ಕೆ ಹಂಚಿದರೆ ದಿನಕ್ಕೆ 100 ರೂಪಾಯಿ. ಹತ್ತು ದಿನ ಊರಿಗೆ ಹೋದವಳು 2,000 ಕೊಡುತ್ತಾಳೆ, ಆದರೆ ಅವಳಿಲ್ಲದಾಗಲೂ ಭಟ್ಟರ ಸಂಬಳ ನಿಂತಿರಲಿಲ್ಲ, ಆ ಹೊರೆ ಉಳಿದವರ ತಲೆಗೆ. ಸಂಬಳ ಮತ್ತು ಗ್ಯಾಸಿನ 1,80,000ವನ್ನು 240 ಜನಕ್ಕೆ ಸಮನಾಗಿ ಹಂಚಿ, ತಲಾ 750. ದಿನಸಿಯ 4,50,000ವನ್ನು 6,300ರಿಂದ ಭಾಗಿಸಿ, ದಿನಕ್ಕೆ ಸುಮಾರು 71.43. ಆಗ ಅವಳ ಬಿಲ್ಲು 2,179, ಪೂರ್ತಿ ತಿಂಗಳಿದ್ದವಳದು 2,893. ಈ ಲೆಕ್ಕವನ್ನು ಪ್ರತಿ ತಿಂಗಳು ಬೋರ್ಡಿಗೆ ಹಾಕಲಿ.

ಒಂದು ತೊಡಕು ನಿಮ್ಮ ಪತ್ರದಲ್ಲಿಲ್ಲ, ಆದರೆ ಇರಬಹುದು. ಎಷ್ಟೋ ಟ್ರಸ್ಟುಗಳು ಪಿಯು ಹುಡುಗಿಯರನ್ನೂ ಪದವಿಯವರನ್ನೂ ಒಂದೇ ಕಟ್ಟಡದಲ್ಲಿಡುತ್ತವೆ. 6.30 ಹುಟ್ಟಿದ್ದು ಹದಿನಾರು ಹದಿನೇಳರ ಮಕ್ಕಳಿಗಾಗಿ, ಅಂಟಿಕೊಂಡದ್ದು ಎಲ್ಲರಿಗೂ. ಪಿಯುವಿಗೆ ಒಂದು ಮಹಡಿ ಬೇರೆ ಮಾಡಿ ಬೇರೆ ನಿಯಮ ಬರೆಯಿರಿ. ಪದವಿಯ ಮೊದಲ ವರ್ಷದಲ್ಲೂ ಹದಿನೆಂಟು ತುಂಬದವರು ಕೆಲವರಿರುತ್ತಾರೆ, ಅವರಿಗೆ ಮನೆಯವರ ಒಪ್ಪಿಗೆ ಪತ್ರ ಸಾಕು.

ಸಭೆಯ ದಿನ ವಿಷಯವನ್ನು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ’ ಎಂಬಲ್ಲಿಗೆ ತಳ್ಳಲು ಬಿಡಬೇಡಿ. ನಿಯಮದ ಕರಡು ಏಳು ದಿನ ಮೊದಲೇ ಎಲ್ಲರ ಕೈಗೆ ಹೋಗಲಿ. ‘ಚರ್ಚಿಸಿ ಅನುಮೋದಿಸಲಾಯಿತು’ ಎಂದಷ್ಟೇ ಬರೆದ ನಡಾವಳಿಯಿಂದ ಏನನ್ನು ಅನುಮೋದಿಸಿದ್ದು ಎಂದು ಮುಂದಿನ ವಾರ್ಡನ್ನಿಗೆ ತಿಳಿಯುವುದಿಲ್ಲ. ಹೀಗೆ ಬರೆಸಬಹುದು: ‘ಎರಡೂ ಹಾಸ್ಟೆಲುಗಳ ಪದವಿ ವಿದ್ಯಾರ್ಥಿಗಳಿಗೆ ಗೇಟಿನ ಸಮಯ ರಾತ್ರಿ 9.30. ತಡವಾಗಿ ಬಂದವರನ್ನು ಯಾವ ಕಾರಣಕ್ಕೂ ಹೊರಗೆ ನಿಲ್ಲಿಸತಕ್ಕದ್ದಲ್ಲ. ತಡಕ್ಕೆ ದಂಡವಿಲ್ಲ. ಮೊಬೈಲ್ ಒಪ್ಪಿಸುವ ನಿಯಮ ರದ್ದು. ಲೈಬ್ರರಿ ದಾರಿಯ ದೀಪ ಮತ್ತು ಗೋಡೆ ದುರಸ್ತಿ ಇದರೊಂದಿಗೆ ಮಂಜೂರು. ಜಾರಿ ಮುಂದಿನ ಸೆಮಿಸ್ಟರಿನಿಂದ, ಪರಿಶೀಲನೆ ಆರು ತಿಂಗಳ ನಂತರ.’ ಆರು ತಿಂಗಳ ಆ ಕೊನೆಯ ಮಾತಿದ್ದರೆ ಹಿರಿಯರೂ ಒಪ್ಪುವ ಸಾಧ್ಯತೆ ಹೆಚ್ಚು.

ಮೆಸ್ಸಿನ ವಿಷಯ ಚರ್ಚೆಗೆ ಬಂದಾಗ, ಹಾಸ್ಟೆಲಿಗೆ ಅಕ್ಕಿ ಹೋಗುವುದು ನಿಮ್ಮ ಗಿರಣಿಯಿಂದಲೇ ಆಗಿದ್ದರೆ ಅದನ್ನು ಮೊದಲೇ ಹೇಳಿ ಸಭೆಯಿಂದ ಎದ್ದು ಹೊರಗೆ ಕೂರಿ. ಎದ್ದು ಹೋದದ್ದನ್ನು ನಡಾವಳಿಯಲ್ಲಿ ಬರೆಸಿ.